ಕಣ್ಣಿಗೆ ಕಾಣದ ಬೆಳಕಿಗೆ ಬಣ್ಣ ಎಲ್ಲಿಂದ ಬಂತು?

ಧೂಳು ಮುಸುಕಿದ ನಕ್ಷತ್ರಗಳ ಮಾತು ಬಂದಾಗಲೆಲ್ಲ ನನ್ನನ್ನು ಕೇಳುವುದು ಇದನ್ನೇ: "ಅವಕೆಂಪು (ಇನ್‌ಫ್ರಾರೆಡ್) ಬೆಳಕು ಕಣ್ಣಿಗೇ ಕಾಣುವುದಿಲ್ಲ, ಅದಕ್ಕೆಂಥ ಬಣ್ಣ? ಅದನ್ನು ಹಿಡಿದುಕೊಂಡು ಬೇರೆ ಗೆಲಾಕ್ಸಿಯ ನಕ್ಷತ್ರ ಎಂಥದ್ದು ಅಂತ ಹೇಗೆ ಹೇಳುತ್ತೀರಿ?"

ಇಲ್ಲಿ ಬಣ್ಣ ಅಂದರೆ ಒಂದು ಕಳೆಯುವ ಲೆಕ್ಕ. ಒಂದೇ ನಕ್ಷತ್ರವನ್ನು ಎರಡು ಫಿಲ್ಟರುಗಳಲ್ಲಿ ಅಳೆದು, ಗಿಡ್ಡ ತರಂಗದ ಕಾಂತಿಮಾನದಿಂದ (ಹೊಳಪಿನ ಅಳತೆ; ಮಂಕಾದಷ್ಟೂ ಈ ಸಂಖ್ಯೆ ದೊಡ್ಡದು) ಉದ್ದ ತರಂಗದ್ದನ್ನು ಕಳೆಯುತ್ತೇವೆ. ಉತ್ತರ ದೊಡ್ಡದಾದಷ್ಟೂ ನಕ್ಷತ್ರ ಹೆಚ್ಚು ಕೆಂಪು.

ಕೆಂಪಾಗಿಸುವುದು ಧೂಳು. ಮುಪ್ಪಿನ ನಕ್ಷತ್ರ ಹೊರಪದರವನ್ನು ಆಚೆ ತಳ್ಳುತ್ತದೆ, ಆ ಅನಿಲ ತಣಿದು ಧೂಳಾಗುತ್ತದೆ. ಧೂಳು ನಕ್ಷತ್ರದ ಬೆಳಕನ್ನು ಹೀರಿ, ಬಿಸಿಯಾಗಿ, ಅವಕೆಂಪಿನಲ್ಲಿ ಮರಳಿಸುತ್ತದೆ. 1000 ಕೆಲ್ವಿನ್ ತಾಪಮಾನದ ಧೂಳು ಅತಿ ಹೆಚ್ಚು ಬೆಳಗುವುದು ಸುಮಾರು 3 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಉದ್ದದ ತರಂಗದಲ್ಲಿ, 300 ಕೆಲ್ವಿನ್‌ನದು 10ರ ಆಸುಪಾಸಿನಲ್ಲಿ.

ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದರ ರಸಾಯನ. ಇಂಗಾಲ, ಆಮ್ಲಜನಕ ಎರಡೂ ಸೇರಿ ಕಾರ್ಬನ್ ಮಾನಾಕ್ಸೈಡ್ ಆಗುತ್ತವೆ. ಆ ಬಂಧ ಎಷ್ಟು ಗಟ್ಟಿಯೆಂದರೆ, ಎರಡರಲ್ಲಿ ಯಾವುದು ಕಡಿಮೆಯೋ ಅದು ಹೆಚ್ಚುಕಡಿಮೆ ಪೂರ್ತಿ ಅಲ್ಲೇ ಸಿಕ್ಕಿಬೀಳುತ್ತದೆ. ಯಾವ ಧೂಳು ಹುಟ್ಟಬೇಕೆಂದು ತೀರ್ಮಾನಿಸುವುದು ಮಿಕ್ಕಿದ್ದು. ಆಮ್ಲಜನಕ ಮಿಕ್ಕರೆ ಸಿಲಿಕೇಟ್: ರೋಹಿತದಲ್ಲಿ, ಅಂದರೆ ಬೆಳಕನ್ನು ತರಂಗದ ಉದ್ದಕ್ಕೆ ತಕ್ಕಂತೆ ಬಿಡಿಸಿಟ್ಟ ಪಟ್ಟಿಯಲ್ಲಿ, 9.7 ಮೈಕ್ರಾನ್ ಬಳಿ ಅದರ ಗುರುತು. ಇಂಗಾಲ ಮಿಕ್ಕರೆ ಮಸಿಯಂಥ ಇಂಗಾಲದ ಕಣಗಳು, ಜೊತೆಗೆ 11.3ರ ಬಳಿ ಸಿಲಿಕಾನ್ ಕಾರ್ಬೈಡ್. ಹೀಗೆ ಎರಡು ಬಗೆಯ ನಕ್ಷತ್ರಗಳು ಬಣ್ಣಗಳ ನಕ್ಷೆಯಲ್ಲಿ ಬೇರೆ ಬೇರೆ ಕಡೆ ಗುಂಪುಗೂಡುತ್ತವೆ.

ಹತ್ತಿರದ ಗೆಲಾಕ್ಸಿಯೇ ಯಾಕೆ? ನಮ್ಮ ಗೆಲಾಕ್ಸಿಯೊಳಗಿನ ನಕ್ಷತ್ರ ಮಂಕಾಗಿ ಕಂಡರೆ ಅದು ದೂರದ್ದೋ, ನಿಜಕ್ಕೂ ಮಂಕೋ ಎಂಬ ತಕರಾರು ಇದ್ದೇ ಇರುತ್ತದೆ. ನಮ್ಮ ನೆರೆಯ ಪುಟ್ಟ ಗೆಲಾಕ್ಸಿಯಾದ ದೊಡ್ಡ ಮೆಗೆಲಾನಿಕ್ ಮೋಡದಲ್ಲಿ ನಕ್ಷತ್ರಗಳೆಲ್ಲವೂ ಹೆಚ್ಚುಕಡಿಮೆ ಒಂದೇ ದೂರದಲ್ಲಿವೆ, ಸುಮಾರು 1.6 ಲಕ್ಷ ಜ್ಯೋತಿರ್ವರ್ಷ. ಬಣ್ಣದ ಪಕ್ಕ ಕಾಂತಿಯನ್ನೂ ಇಟ್ಟು ನೋಡಬಹುದು. 2003ರಲ್ಲಿ ಹಾರಿದ ಸ್ಪಿಟ್ಜರ್ ಅವಕೆಂಪು ಬಾಹ್ಯಾಕಾಶ ದೂರದರ್ಶಕ 2005ರಲ್ಲಿ ಈ ಮೋಡವನ್ನು 3.6ರಿಂದ 160 ಮೈಕ್ರಾನ್‌ವರೆಗೆ ಸಮೀಕ್ಷಿಸಿತು. ಬಣ್ಣವನ್ನು ಅಡ್ಡಕ್ಕೂ ಕಾಂತಿಯನ್ನು ಮೇಲಕ್ಕೂ ಗುರುತಿಸಿದ ನಕ್ಷೆಯಲ್ಲಿ ಕೆಂಪು ಮಹಾದೈತ್ಯಗಳು (ಅತಿ ದೊಡ್ಡ, ಪ್ರಖರ ನಕ್ಷತ್ರಗಳು) ಮೇಲೆ ನಿಲ್ಲುತ್ತವೆ, ಇಂಗಾಲದ ನಕ್ಷತ್ರಗಳು ಕೆಂಪಿನತ್ತ ಸರಿಯುತ್ತವೆ. ಅವುಗಳಿಗೂ ಆಚೆ, ದಟ್ಟ ಧೂಳಿನಲ್ಲಿ ಹೂತುಹೋದ ಕೆಲವೇ ಕೆಲವು. ಎಣಿಕೆಯಲ್ಲಿ ಅಲ್ಪವಾದರೂ ಮುಪ್ಪಿನ ದೈತ್ಯ ನಕ್ಷತ್ರಗಳು ಸುರಿಯುವ ಧೂಳಿನಲ್ಲಿ ಬಹುಪಾಲು ಇವುಗಳದ್ದೇ. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಮಾತ್ರ ಹುಡುಕಿದರೆ ಮುಖ್ಯವಾದ ಇವುಗಳೇ ತಪ್ಪಿಹೋಗುತ್ತವೆ.

ಆದರೂ ಬಣ್ಣವೊಂದನ್ನೇ ನಂಬಬಾರದು ಎಂದು ಕೇಳಿದವರಿಗೆಲ್ಲ ಒತ್ತಿ ಹೇಳುತ್ತೇನೆ. ಈಗಷ್ಟೇ ಹುಟ್ಟುತ್ತಿರುವ ನಕ್ಷತ್ರವೂ ಧೂಳಿನೊಳಗೇ ಇರುತ್ತದೆ. ಎಷ್ಟೋ ಪಾಲು ಆಚೆಗಿರುವ ಗೆಲಾಕ್ಸಿಯೊಂದು ಚುಕ್ಕೆಯಂತೆ ಕಂಡು ಅದೇ ಬಣ್ಣ ತೋರಬಹುದು, ಮಂಕು ಚುಕ್ಕೆಗಳಲ್ಲಂತೂ ಈ ಬೆರಕೆ ಜಾಸ್ತಿ. ಆಗ ಬೇರೆ ಸಾಕ್ಷಿ ಬೇಕು. ನೂರಾರು ದಿನಗಳ ಅವಧಿಯಲ್ಲಿ ಏರಿಳಿಯುವ ಬೆಳಕು ಮುಪ್ಪಿನ ದೈತ್ಯನನ್ನು ಸೂಚಿಸುತ್ತದೆ. ಸುತ್ತ ಅನಿಲದ ಮೋಡವಿದ್ದರೆ ಎಳೆಯ ನಕ್ಷತ್ರದ ಶಂಕೆ ಬಲವಾಗುತ್ತದೆ. ಪಕ್ಕಾ ಮಾಡಲು ರೋಹಿತವೇ ಬೇಕು, ಆದರೆ ಲಕ್ಷಾಂತರ ಚುಕ್ಕೆಗಳಿಗೆಲ್ಲ ರೋಹಿತ ತೆಗೆಯಲು ದೂರದರ್ಶಕದ ಸಮಯ ಸಾಲದು. ಯಾವುದಕ್ಕೆ ತೆಗೆಯಬೇಕೆಂದು ಆರಿಸಿಕೊಡುವುದು ಬಣ್ಣವೇ.