ಒಂದೇ ಲೆಕ್ಕದ ಫೈಲು, ಎರಡು ಆಕ್ಸೆಸ್

ಮಂಡ್ಯದಲ್ಲಿ ನಮ್ಮ ಚಿಕ್ಕಪ್ಪನದ್ದು ಬೆಲ್ಲದ ಮಂಡಿ. ಯಾವ ಆಲೆಮನೆಯಿಂದ ಎಷ್ಟು ಬೆಲ್ಲ ಬಂತು, ಯಾರಿಗೆ ಎಷ್ಟು ಮುಂಗಡ ಕೊಟ್ಟಿದೆ, ಎಲ್ಲ ಇರುವುದು ಮಾಹಿತಿ ಜೋಡಿಸಿಡುವ ಡೇಟಾಬೇಸ್ ಪ್ರೋಗ್ರಾಂ ಮೈಕ್ರೋಸಾಫ್ಟ್ ಆಕ್ಸೆಸ್‌ನ ಒಂದೇ ಫೈಲಿನಲ್ಲಿ. ಹಳೇ ಕಂಪ್ಯೂಟರಿನಲ್ಲಿ ಆಕ್ಸೆಸ್ 2003, ಹೊಸದರಲ್ಲಿ 2016. ಅಂಗಡಿ ಹುಡುಗ ಹೊಸದರಲ್ಲಿ ಫೈಲನ್ನು ಎಸಿಸಿಡಿಬಿ (.accdb) ಎಂಬ ಹೊಸ ಮಾದರಿಗೆ ಬದಲಾಯಿಸಿ ಅದರಲ್ಲೇ ಎಂಟ್ರಿ ಮಾಡಿದ. ಮಾರನೇ ದಿನ ಹಳೇ ಕಂಪ್ಯೂಟರಿನಲ್ಲಿ ಅದು ತೆರೆಯಲೇ ಇಲ್ಲ.

"ಲೆಕ್ಕವೆಲ್ಲ ಎಲ್ಲೋಯ್ತ್ಲಾ ಮಗ?" ಅಂತ ಚಿಕ್ಕಪ್ಪ ಫೋನ್ ಮಾಡಿದಾಗ ನನ್ನ ಎದೆಯೂ ಧಸಕ್ಕೆಂದಿತು.

ಲೆಕ್ಕ ಎಲ್ಲೂ ಹೋಗಿರಲಿಲ್ಲ. ಎಸಿಸಿಡಿಬಿ ಬಂದಿದ್ದೇ ಆಕ್ಸೆಸ್ 2007ರ ಜೊತೆ, 2003ಕ್ಕೆ ಅದನ್ನು ಓದಲು ಬರುವುದಿಲ್ಲ. ಆದರೆ 2016 ಹಳೇ ಮಾದರಿಯ ಎಂಡಿಬಿ (.mdb) ಫೈಲನ್ನು ಓದುತ್ತದೆ, ಅದರಲ್ಲಿ ಬರೆಯುತ್ತದೆ ಕೂಡ. ಅಂದಮೇಲೆ ಇಬ್ಬರೂ ಬಳಸುವ ಫೈಲು ಹಳಬನಿಗೆ ತಿಳಿಯುವ ಹಾಗೇ ಇರಬೇಕು, ಅಲ್ವಾ? 2002-2003ರ ಎಂಡಿಬಿಯಾಗಿ ಸೇವ್ ಮಾಡಿದೆ. ಪುಣ್ಯಕ್ಕೆ ಅಟ್ಯಾಚ್‌ಮೆಂಟ್ ಥರದ ಹೊಸ ಬಗೆಯ ಫೀಲ್ಡ್ (ಟೇಬಲ್ಲಿನ ಕಾಲಂ) ಯಾವುದನ್ನೂ ಹುಡುಗ ಸೇರಿಸಿರಲಿಲ್ಲ, ಸೇರಿಸಿದ್ದರೆ ಹೀಗೆ ಹಿಂದಕ್ಕೆ ಬರಲು ಆಗುತ್ತಿರಲಿಲ್ಲ.

ಆಮೇಲೆ ಲೆಕ್ಕ ಇರುವ ಟೇಬಲ್‌ಗಳನ್ನು ಮಾತ್ರ ಶೇರ್ ಮಾಡಿದ ಫೋಲ್ಡರಿನಲ್ಲಿಟ್ಟು, ಎಂಟ್ರಿ ಮಾಡುವ ಫಾರಂ, ಮಾಹಿತಿ ಹುಡುಕುವ ಕ್ವೆರಿ, ರಿಪೋರ್ಟ್‌ಗಳನ್ನು ಆಯಾ ಕಂಪ್ಯೂಟರಿನಲ್ಲೇ ಬೇರೆ ಫೈಲು ಮಾಡಿ ಇಟ್ಟೆ. ಆ ಫೋಲ್ಡರಿನಲ್ಲಿ ಇಬ್ಬರಿಗೂ ಬರೆಯುವ ಅನುಮತಿ ಕೊಡಿ, ಯಾರು ಒಳಗಿದ್ದಾರೆ ಅಂತ ಲೆಕ್ಕ ಇಡುವ ಎಲ್‌ಡಿಬಿ ಲಾಕ್ ಫೈಲು ಅಲ್ಲೇ ಹುಟ್ಟುವುದು.