ಗೌರಿಗೆ ನೋವಾಯ್ತಾ?

"ಹೌದಾ ಡಾಕ್ಟ್ರೇ? ಪಾಪ, ನೋವಾಯ್ತೇನೋ ಅದಕ್ಕೆ."

ಮಂಗಳವಾರದಿಂದ ಈ ಮಾತು ಕಿವಿಯಲ್ಲೇ ಕೂತಿದೆ. ಕಣದಲ್ಲಿ ಕಾಫಿ ಹರಡುವಾಗ, ಬಚ್ಚಲ ಒಲೆಗೆ ಸೌದೆ ತುರುಕುವಾಗ, ರಾತ್ರಿ ನಿದ್ದೆ ಹತ್ತುವ ಮುಂಚೆ. ದೊಡ್ಡಮ್ಮ ಇದನ್ನು ತಮಾಷೆಗೆ ಅಂದರೋ, ನಿಜವಾಗಿ ಕೇಳಿದರೋ ಗೊತ್ತಾಗಲಿಲ್ಲ.

ದೊಡ್ಡಮ್ಮ ಅಂದರೆ ಪಕ್ಕದ ಮನೆಯವರು. ಪಕ್ಕದ ಮನೆ ಅಂದರೆ ಕೊಡಗಿನ ಸೋಮವಾರಪೇಟೆ ಕಡೆಯ ನಮ್ಮೂರಲ್ಲಿ ತೋಡು ದಾಟಿ ಒಂದು ಗುಡ್ಡ ಹತ್ತಬೇಕು. ಅಷ್ಟು ದೂರದಿಂದ ಅವರು ಗ್ರಾಮಸಭೆಗೆ ನಡೆದು ಬಂದಿದ್ದರು. ಕೊಯ್ಲಿನ ಮಧ್ಯೆ ಗ್ರಾಮಸಭೆ ಇಟ್ಟರೆ ಬೇರೆ ಯಾರು ಬರ್ತಾರೆ? ಯಾರೂ ಬರಬಾರದು ಅಂತಲೇ ಆಗ ಇಡ್ತಾರೆ ಅನ್ನೋದು ನನ್ನ ಗುಮಾನಿ. ಸಾಲಾಗಿ ಖಾಲಿ ಕುರ್ಚಿ, ಹಿಂದೆ ನಾವು ಹತ್ತಿಪ್ಪತ್ತು ಜನ.

ರಸ್ತೆ, ಬೀದಿದೀಪ, ಆನೆ ಕಂದಕ ಎಲ್ಲ ಮುಗಿದು ಪಶುವೈದ್ಯರ ಸರದಿ ಬಂತು. ಕಾಲುಬಾಯಿ ಜ್ವರದ ಲಸಿಕೆ ನಮ್ಮಲ್ಲಿ ನೂರಕ್ಕೆ ನೂರು ಆಗಿದೆ ಎಂದು ಓದಿದರು. ಯಾರೋ ಚಪ್ಪಾಳೆಯನ್ನೂ ತಟ್ಟಿದರು. ಆಗ ದೊಡ್ಡಮ್ಮ ಎದ್ದರು. ಸೆರಗಿನ ಗಂಟು ಬಿಚ್ಚಿದರು, ಅದರೊಳಗಿನ ಪ್ಲಾಸ್ಟಿಕ್ ಕವರ್ ಬಿಚ್ಚಿದರು, ದನದ ಕಿವಿಗೆ ಹಾಕುವ ನಂಬರಿನ ಹಳದಿ ಓಲೆಯೊಂದನ್ನು ಮೇಜಿನ ಮೇಲಿಟ್ಟರು. ಅದರ ಗುಬುಟಿನಲ್ಲಿ ನಾಲ್ಕು ಕಂದು ಕೂದಲು ಇನ್ನೂ ಸಿಕ್ಕಿಕೊಂಡಿದ್ದವು.

"ಇದು ನಮ್ಮ ಗೌರಿದು. ಕಕ್ಕಡದಲ್ಲಿ ಹೋಯ್ತು. ಮೈಯೆಲ್ಲ ಗಂಟು. ಪರಿಹಾರ ಏನಾದ್ರೂ ಉಂಟಾ ನೋಡಿ."

ಕಕ್ಕಡ ಅಂದರೆ ನಮ್ಮಲ್ಲಿ ಜುಲೈ-ಆಗಸ್ಟಿನ ಜಡಿಮಳೆ ತಿಂಗಳು. ದೊಡ್ಡಮ್ಮ ಕೇಳಿದ್ದರಲ್ಲಿ ತಪ್ಪಿಲ್ಲ. 2022ರಲ್ಲಿ ಚರ್ಮಗಂಟು ರೋಗ ರಾಜ್ಯದಲ್ಲೆಲ್ಲ ಹಬ್ಬಿದಾಗ ಸರ್ಕಾರ ಹಸುವಿಗೆ 20 ಸಾವಿರ, ಎತ್ತಿಗೆ 30 ಸಾವಿರ, ಕರುವಿಗೆ 5 ಸಾವಿರ ಅಂತ ಘೋಷಿಸಿದ್ದು ಅವರ ತಲೆಯಲ್ಲಿ ಉಳಿದಿತ್ತು. ಡಾಕ್ಟ್ರು ಒಳ್ಳೆಯ ಹುಡುಗ, ಇದನ್ನು ಹೇಳಲೇಬೇಕು. ಹಿಂದೊಮ್ಮೆ ನಮ್ಮ ಹಸು ಕರು ಹಾಕಲಾಗದೆ ಒದ್ದಾಡುತ್ತಿದ್ದಾಗ ರಾತ್ರಿ ಹನ್ನೆರಡಕ್ಕೆ ಬಂದವರು. ಓಲೆ ಕೈಗೆತ್ತಿಕೊಂಡು ಮೊಬೈಲಿನಲ್ಲಿ ಹನ್ನೆರಡು ಅಂಕಿಯನ್ನೂ ಒತ್ತಿದರು.

"ಇದಕ್ಕೆ ಲಸಿಕೆ ಆಗಿದೆಯಲ್ಲ ಅಜ್ಜಿ, ಹುತ್ತರಿ ಹೊತ್ತಿಗೆ," ಅಂದರು.

ಅಂದ ಮೇಲೆ ಅವರಿಗೇ ಹೊಳೆಯಿತು. ಕಕ್ಕಡದ ಮಳೆಯಲ್ಲಿ ಸತ್ತ ಹಸು, ನವೆಂಬರ್-ಡಿಸೆಂಬರಿನ ಸುಗ್ಗಿ ಹಬ್ಬ ಹುತ್ತರಿಗೆ ಬಂದು ಸೂಜಿ ಚುಚ್ಚಿಸಿಕೊಂಡು ಹೋಗಿದೆ. ದೊಡ್ಡಮ್ಮ ಆಗ ಆ ಮಾತು ಅಂದದ್ದು. ಸಭೆ ಘೊಳ್ಳೆಂದು ನಕ್ಕಿತು. ನಾನೂ ನಕ್ಕೆ.

ತಕ್ಷಣ ಒಬ್ಬ ಸದಸ್ಯರು ಎದ್ದು "ಅದು ಸಾಫ್ಟ್‌ವೇರ್ ಮಿಸ್ಟೇಕು" ಅಂದರು. ಈ ಮನುಷ್ಯನಿಗೆ ನಲ್ಲಿಯಲ್ಲಿ ನೀರು ಬರದಿದ್ದರೂ ಸಾಫ್ಟ್‌ವೇರೇ ಕಾರಣ. ಇನ್ನೊಬ್ಬರು, "ಬರೆದು ಕೊಡಿ ಅಜ್ಜಿ, ಪರಿಶೀಲಿಸ್ತೀವಿ" ಅಂದರು. "ಬರೆದು ಕೊಟ್ರೆ ಅದಕ್ಕೂ ಒಂದು ಓಲೆ ಹಾಕ್ತೀರಾ?" ಅಂತ ದೊಡ್ಡಮ್ಮ ಕೇಳಿ, ಗೌರಿಯ ಓಲೆ ಕವರಿಗೆ ಹಾಕಿಕೊಂಡು ಹೊರಟರು.

ಗೌರಿ ಸತ್ತ ದಿನ ನನಗೆ ಚೆನ್ನಾಗಿ ನೆನಪಿದೆ. ಮಳೆ ಹಿಡಿದು ಎಷ್ಟೋ ದಿನವಾಗಿತ್ತು. ದಾರಿಗೆ ಮರ ಬಿದ್ದು ಡಾಕ್ಟ್ರು ಬರಲಾಗಲಿಲ್ಲ. ರೋಗದಿಂದ ಸತ್ತ ದನವನ್ನು ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು, ನೀರಿನ ಜಾಗದಿಂದ ದೂರ ಇರಬೇಕು, ಇದು ನಿಯಮ. ಮಳೆಗಾಲದಲ್ಲಿ ಜೆಸಿಬಿ ಹಚ್ಚಿ ಮಣ್ಣು ತೆಗೆಯಬಾರದು, ಇದೂ ನಿಯಮ. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದ್ದನ್ನು ಕಂಡ ಮೇಲೆ ಅದರ ಬಗ್ಗೆ ನಮ್ಮಲ್ಲಿ ಯಾರೂ ತಕರಾರು ತೆಗೆಯುವುದಿಲ್ಲ. ಆದರೆ ಕಕ್ಕಡದಲ್ಲಿ ಕೊಡಗಿನಲ್ಲಿ ನೀರಿಲ್ಲದ ಜಾಗ ಯಾವುದು ಸ್ವಾಮಿ? ನಾವು ನಾಲ್ಕು ಜನ ಗುದ್ದಲಿ ಹಿಡಿದು ಹಲಸಿನ ಮರದ ಬುಡದಲ್ಲಿ ಅಗೆದೆವು. ಸೊಂಟದಷ್ಟಾಗುವ ಮುಂಚೆಯೇ ಒರತೆ ಬಂತು. ಗೋಡೆಗೆ ಬಳಿಯಲು ಇಟ್ಟಿದ್ದ ಸುಣ್ಣವನ್ನೇ ದೊಡ್ಡಮ್ಮ ತಂದು ಸುರಿದರು, ಅದು ಹಾಲಿನ ಹಾಗೆ ಹರಡಿಕೊಂಡಿತು. ಕೆಳಗೇ ತೋಡು. ತೋಡಿನ ನೀರು ಹಾರಂಗಿಗೆ, ಅಲ್ಲಿಂದ ಕಾವೇರಿಗೆ.

ಆಮೇಲೆ ಯಾರೂ ಬಂದು ಕೇಳಲಿಲ್ಲ. ನಾವೂ ಹೋಗಿ ಹೇಳಲಿಲ್ಲ. ಹಾಗಾಗಿ ಮೊಬೈಲಿನೊಳಗೆ ಗೌರಿ ಈಗಲೂ ಮೇಯುತ್ತಾ ಇದ್ದಾಳೆ.

ಈ ಲಸಿಕೆ ಸಣ್ಣ ಬಾಬತ್ತೇನಲ್ಲ. 2019ರಲ್ಲಿ ಕೇಂದ್ರ ಸರ್ಕಾರ ಕಾಲುಬಾಯಿ ಜ್ವರ ಮತ್ತು ದನಕ್ಕೆ ಗರ್ಭಪಾತ ಮಾಡಿಸುವ ಕಂದುರೋಗ ತಡೆಯುವ ಕಾರ್ಯಕ್ರಮ ಶುರು ಮಾಡಿದಾಗ ಐದು ವರ್ಷಕ್ಕೆ ಅಂತ ಇಟ್ಟ ದುಡ್ಡು 13,343 ಕೋಟಿ. ಕಾಲುಬಾಯಿ ಲಸಿಕೆಯ ಬಲ ಸುಮಾರು ಆರು ತಿಂಗಳು, ಹಾಗಾಗಿ ವರ್ಷಕ್ಕೆ ಎರಡು ಸಲ ಚುಚ್ಚಬೇಕು. ಎರಡರಿಂದ ಎಂಟು ಡಿಗ್ರಿ ತಂಪಿನಲ್ಲೇ ಇಡಬೇಕು. ಐಸ್ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ನಮ್ಮ ಗುಡ್ಡ ಹತ್ತುವ ಹುಡುಗರನ್ನು ನೋಡಿದರೆ ಅಯ್ಯೋ ಅನ್ನಿಸುತ್ತದೆ. ನೂರಕ್ಕೆ ನೂರು ಬೇಕು ಅಂತ ಮೇಲಿನಿಂದ ಗದರಿಸುವವರು ಗುಡ್ಡ ಹತ್ತುವುದಿಲ್ಲವಲ್ಲ.

ಆದರೆ ನನಗೆ ದುಡ್ಡಿಗಿಂತ ಜಾಸ್ತಿ ಹೆದರಿಕೆ ಬೇರೆಯದು. ನಾಳೆ ನಮ್ಮ ಕೊಟ್ಟಿಗೆಗೆ ಜ್ವರ ಬಂತು ಅಂತಿಟ್ಟುಕೊಳ್ಳಿ. ದನದ ಬಾಯಲ್ಲಿ ಜೊಲ್ಲು, ಗೊರಸಿನ ಸಂದಿಯಲ್ಲಿ ಹುಣ್ಣು. ಲಸಿಕೆಯೇ ಸರಿ ಇರಲಿಲ್ಲವೋ, ತಂಪು ತಪ್ಪಿತೋ, ಚುಚ್ಚಲೇ ಇಲ್ಲವೋ, ಯಾವ ಡಾಕ್ಟ್ರು ಹೇಳಿಯಾರು? ಪಟ್ಟಿಯಲ್ಲಿ ಎಲ್ಲಕ್ಕೂ ಚುಚ್ಚಿಯಾಗಿದೆ.

ಅವತ್ತು ರಾತ್ರಿಯೇ ಮಾಹಿತಿ ಹಕ್ಕು ಅರ್ಜಿ ಬರೆಯಲು ಕೂತೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದಲ್ಲಿ 150 ಪದ ಮೀರಬಾರದು. ನನ್ನ ಸಿಟ್ಟು ನೂರ ಅರವತ್ತು ದಾಟಿತ್ತು. 'ಘನ ಸರ್ಕಾರ' ಹೊಡೆದು ಹಾಕಿದೆ, 'ನಾಚಿಕೆಗೇಡು' ಹೊಡೆದು ಹಾಕಿದೆ. ಮೂರನೇ ಪ್ರಶ್ನೆ ಹೀಗಿತ್ತು: ಸದರಿ ಮನೆಯಲ್ಲಿ ಎಷ್ಟು ಜಾನುವಾರು ಇವೆ ಎಂದು ಮಾಹಿತಿ ಕೊಟ್ಟವರು ಯಾರು?

ಪೆನ್ನು ಅಲ್ಲೇ ನಿಂತಿತು.

ಹುತ್ತರಿ ಹೊತ್ತಿಗೆ ಒಂದು ಸಂಜೆ ನಮ್ಮ ಮೂರು ದನಕ್ಕೂ ಚುಚ್ಚಿ ಮುಗಿಸಿದ ಹುಡುಗ, ಕೈ ತೊಳೆಯುತ್ತಾ ಗುಡ್ಡದ ಕಡೆ ನೋಡಿದ್ದ. "ಆ ಮನೇಲಿ ಎಷ್ಟಣ್ಣ?" "ಎರಡು," ಅಂದಿದ್ದೆ ನಾನು. ಬಾಯಿಪಾಠದ ಹಾಗೆ. "ಅವರೀಗ ಮನೇಲಿ ಇರೋದೂ ಡೌಟು" ಅಂತ ಬೇರೆ ಸೇರಿಸಿದ್ದೆ. ಆಗಲೇ ಕತ್ತಲಾಗುತ್ತಿತ್ತು, ಅವನಿಗೆ ಪಾಪ ದೂರದ ದಾರಿ. ಗೌರಿಯ ಗುಂಡಿ ಅಗೆದ ಕೈ ಇದೇ. ಎರಡು ಅಂದದ್ದು ಇದೇ ಬಾಯಿ. ಹುಡುಗ ಗುಡ್ಡ ಹತ್ತಲಿಲ್ಲ ಅಂದರೆ, ಉಳಿದಿರುವ ಲಕ್ಷ್ಮಿಗೂ ಲಸಿಕೆ ಬಿದ್ದಿಲ್ಲ ಅಂತ ಆಯಿತಲ್ಲ.

ಬೆಳಿಗ್ಗೆಯೇ ಡಾಕ್ಟ್ರಿಗೆ ಫೋನ್ ಮಾಡಿದೆ. ನಿನ್ನೆ ಅವರೇ ಪೆಟ್ಟಿಗೆ ಹೊತ್ತು ಬಂದರು, ನಾನೂ ಜೊತೆಗೆ ಹೋದೆ. ಚುಚ್ಚುವ ಮುಂಚೆ ಲಕ್ಷ್ಮಿಯ ಓಲೆ ನಂಬರ್ ಒತ್ತಿ ನೋಡಿ ತಲೆ ಕೆರೆದುಕೊಂಡರು. "ಆಗ್ಲೇ ಆಗಿದೆ ಅಂತ ತೋರಿಸ್ತದಲ್ಲ ಅಣ್ಣ. ಇದನ್ನ ಎಲ್ಲಿ ಬರೀಲಿ ನಾನು?"

ದೊಡ್ಡಮ್ಮನಿಗೆ ನನ್ನ 'ಎರಡು' ವಿಷಯ ಇನ್ನೂ ಹೇಳಿಲ್ಲ. ಅರ್ಜಿ ಮೇಜಿನ ಮೇಲಿದೆ, ಮೂರನೇ ಪ್ರಶ್ನೆ ಹೊಡೆದು ಹಾಕಿಲ್ಲ.

ಸೂಜಿ ತಾಗಿದ್ದೇ ಲಕ್ಷ್ಮಿ ಕುಣಿದು ಬಕೆಟ್ ಒದ್ದಳು, ನೀರೆಲ್ಲ ನನ್ನ ಮೇಲೆ. ದೊಡ್ಡಮ್ಮ ಹಗ್ಗ ಬಿಗಿಹಿಡಿದುಕೊಂಡೇ ನನ್ನ ಕಡೆ ತಿರುಗಿದರು.

"ಇದಕ್ಕೆ ನಿಜವಾಗ್ಲೂ ನೋವಾಯ್ತು ನೋಡು."