ಎರಡು ವಿಮಾನ ನಿಲ್ದಾಣಗಳ ನಡುವೆ ಎಷ್ಟು ದೂರ, ಎಷ್ಟು ಹೊತ್ತು?

ನಕಾಶೆಯ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದರೆ ಸರಿಯಾದ ದೂರ ಸಿಗುವುದಿಲ್ಲ. ಭೂಮಿ ದುಂಡಗಿದೆ, ಹಾಗಾಗಿ ಮಹಾವೃತ್ತದ ದೂರವನ್ನೇ, ಅಂದರೆ ಭೂಮಿಯ ಮೇಲ್ಮೈಗುಂಟ ಅತಿ ಹತ್ತಿರದ ದಾರಿಯ ಉದ್ದವನ್ನೇ, ಹಿಡಿಯಬೇಕು: ಎರಡೂ ನಿಲ್ದಾಣಗಳ ಅಕ್ಷಾಂಶ, ರೇಖಾಂಶಗಳನ್ನು ಹ್ಯಾವರ್‌ಸೈನ್ ಸೂತ್ರಕ್ಕೆ (ಗೋಳದ ಮೇಲಿನ ಎರಡು ಬಿಂದುಗಳ ದೂರ ಕೊಡುವ ಸೂತ್ರ) ಹಾಕಿ, ಭೂಮಿಯ ತ್ರಿಜ್ಯ 6,371 ಕಿ.ಮೀ. ಎಂದು ಹಿಡಿಯಿರಿ. ಡಿಗ್ರಿಯನ್ನು ಕೋನದ ಇನ್ನೊಂದು ಅಳತೆಯಾದ ರೇಡಿಯನ್‌ಗೆ ಬದಲಿಸದಿದ್ದರೆ ಉತ್ತರ ಎಲ್ಲಿಗೋ ಹೋಗುತ್ತದೆ. ಪಶ್ಚಿಮ ರೇಖಾಂಶಕ್ಕೆ ಮೈನಸ್ ಮರೆಯಬೇಡಿ.

ಸಮಯದ್ದೇ ನಿಜವಾದ ತಲೆನೋವು. ಜೆಟ್ ವಿಮಾನದ ವೇಗ ಗಂಟೆಗೆ 900 ಕಿ.ಮೀ. ಇದ್ದರೂ, ಎದುರುಗಾಳಿ 100 ಕಿ.ಮೀ. ಇದ್ದರೆ 3,600 ಕಿ.ಮೀ.ಗೆ 4 ಗಂಟೆ 30 ನಿಮಿಷ ಬೇಕು. ಅದೇ ಗಾಳಿ ಹಿಂದಿನಿಂದ ಬೀಸಿದರೆ 3 ಗಂಟೆ 36 ನಿಮಿಷ ಸಾಕು. ಇದರ ಮೇಲೆ ಟ್ಯಾಕ್ಸಿ (ನಿಲ್ದಾಣದಲ್ಲಿ ವಿಮಾನ ನೆಲದ ಮೇಲೆ ಸಾಗುವುದು), ಏರಿಕೆ, ಇಳಿಕೆಗೆಂದು ಅರ್ಧ ಗಂಟೆಯಾದರೂ ಸೇರಿಸಿ. ಟಿಕೆಟ್‌ನಲ್ಲಿರುವುದು ಆಯಾ ಊರಿನ ಗಡಿಯಾರದ ಹೊತ್ತು; ಹೊರಡುವ, ತಲುಪುವ ಹೊತ್ತು ಎರಡನ್ನೂ ಯುಟಿಸಿಗೆ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯಕ್ಕೆ) ತಂದ ಮೇಲೆಯೇ ಕಳೆಯಿರಿ.